ಎಂಟನೆಯ ನಾಬ್

ನನ್ನ ಕೀಬೋರ್ಡಿಗೆ ಸ್ವಂತ ದನಿಯಿಲ್ಲ. ಇದನ್ನು ಬಸವಕಲ್ಯಾಣದಲ್ಲಿ ಯಾರಿಗೆ ಹೇಳಿದರೂ ನಂಬುವುದಿಲ್ಲ. ಇಪ್ಪತ್ತೈದು ಮನೆ, ಎಂಟು ನಾಬ್ ಇರುವ ಆ ಹಲಗೆ, ನಾನು ಏನನ್ನು ಒತ್ತಿದೆ, ಏನನ್ನು ತಿರುವಿದೆ ಎಂಬ ಸುದ್ದಿಯನ್ನು ಲ್ಯಾಪ್‌ಟಾಪಿಗೆ ಮುಟ್ಟಿಸುತ್ತದೆ, ಅಷ್ಟೆ. ತಂಬೂರಿ, ಸಾರಂಗಿ, ಕೊಳಲು ಎಲ್ಲ ಲ್ಯಾಪ್‌ಟಾಪಿನ ಹೊಟ್ಟೆಯಲ್ಲಿವೆ. ವಚನ ಗಾಯನಕ್ಕೆ ಬಂದವರು ಮಾತ್ರ ಕೀಬೋರ್ಡಿಗೆ ಕೈ ಮುಗಿಯುತ್ತಾರೆ. ಲ್ಯಾಪ್‌ಟಾಪ್ ಕಡೆ ಬೊಟ್ಟು ಮಾಡಿ, “ಸರ ಸ್ಟೇಜ್ ಮ್ಯಾಲ ಕುಂತು ಪಿಚ್ಚರ್ ನೋಡ್ಲಾಕತ್ತಾರ” ಅನ್ನುತ್ತಾರೆ.

ಸುದ್ದಿ ಮುಟ್ಟಿಸುವ ಈ ಭಾಷೆಗೆ ಮಿಡಿ ಎಂದು ಹೆಸರು. ಅಮೆರಿಕದ ಡೇವ್ ಸ್ಮಿತ್, ಜಪಾನಿನ ಇಕುತಾರೊ ಕಾಕೆಹಾಶಿ ಮೊದಲಾದವರು ಕೂಡಿ 1983ರಲ್ಲಿ ಬಳಕೆಗೆ ತಂದದ್ದು. ಅದರಲ್ಲಿ ಪ್ರತಿಯೊಂದಕ್ಕೂ ನಂಬರು: 7 ಅಂದರೆ ವಾಲ್ಯೂಮ್, 64 ಕಾಲಿನ ಪೆಡಲ್, 74 ದನಿಯ ಹೊಳಪು. ನಾಬನ್ನು ಎಷ್ಟು ತಿರುವಿದರೂ ಅದಕ್ಕೆ ಎಣಿಕೆ ಬರುವುದು 0ಯಿಂದ 127ರವರೆಗೆ ಮಾತ್ರ. ಜೋಡಿಸುವ ಕೆಲಸವೂ ಸುಲಭ. ಪರದೆಯ ಮೇಲೆ ತಂಬೂರಿಯ ವಾಲ್ಯೂಮನ್ನು ಆರಿಸಿ, ‘ಲರ್ನ್’ ಒತ್ತಿ, ಬೇಕಾದ ನಾಬನ್ನು ಅಲ್ಲಾಡಿಸಿದರೆ ಲಗ್ನ ಮುಗಿಯಿತು. ಆ ಗಳಿಗೆಯಲ್ಲಿ ಯಾವ ನಾಬ್ ಮೊದಲು ಅಲ್ಲಾಡಿತೋ ಅದೇ ವರ. ಜಾತಕ, ವರದಕ್ಷಿಣೆ ಯಾವುದೂ ಇಲ್ಲ.

ಕಲ್ಯಾಣದ ನೆಲದಲ್ಲಿ ಕೂತು ಸಂಗೀತಕ್ಕೆ ಶಾಸ್ತ್ರ ಸಾಲದು ಎನ್ನುವಂತಿಲ್ಲ. ಇಲ್ಲಿಂದ ಆಳಿದ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ‘ಮಾನಸೋಲ್ಲಾಸ’ವೆಂಬ ನೂರು ಅಧ್ಯಾಯದ ಗ್ರಂಥ ರಚಿಸಿದ. ಆನೆ ಪಳಗಿಸುವುದು, ಅಡುಗೆ, ಮೀನು ಹಿಡಿಯುವುದು, ಕುಸ್ತಿಯ ಜೊತೆಗೆ ಹಾಡು, ವಾದ್ಯ, ಕುಣಿತವೂ ಅದರಲ್ಲಿವೆ. ಅವನ ಮಗ ಜಗದೇಕಮಲ್ಲ ‘ಸಂಗೀತ ಚೂಡಾಮಣಿ’ ಬರೆದ. ಅಪ್ಪ ಮಗ ಇಬ್ಬರೂ ಸಂಗೀತ ಬಲ್ಲ ಆ ಆಸ್ಥಾನದಲ್ಲಿ ವೀಣೆ ನುಡಿಸುತ್ತಿದ್ದವನನ್ನು ನೆನೆದರೆ ನನಗೆ ಕನಿಕರ. ದೊರೆಯೇ ಎದ್ದು ಬಂದು ತಂತಿಗೆ ಕೈ ಹಾಕಿದರೆ ಬೇಡ ಎನ್ನುವವರಾರು?

ಊರಲ್ಲಿದ್ದಷ್ಟು ದಿನ ನಾಬುಗಳು ಸಾಧು. ಅವುಗಳ ಬುದ್ಧಿ ತಿಳಿಯಬೇಕಾದರೆ ಹುಮನಾಬಾದಿಗೆ ಟಂಟಂನಲ್ಲಿ ಹೋಗಬೇಕು. ಚೀಲದೊಳಗೆ ತಿಕ್ಕಾಡಿ ಎಂಟೂ ಎಂಟು ದಿಕ್ಕಿಗೆ ತಿರುಗಿರುತ್ತವೆ. ಲ್ಯಾಪ್‌ಟಾಪ್ ಮಾತ್ರ ಮನೆಯಲ್ಲಿ ಉಳಿಸಿದ್ದನ್ನೇ ನೆನಪಿಟ್ಟು ತಂಬೂರಿ 60ರಲ್ಲಿದೆ ಎಂದು ನಂಬಿರುತ್ತದೆ, ನಾಬ್ ಹೋಗಿ 127ರಲ್ಲಿ ಕೂತಿರುತ್ತದೆ. ಗಾಯಕರು ವಿಲಂಬಿತದಲ್ಲಿ ಷಡ್ಜ ಹಿಡಿದಿದ್ದಾರೆ. ನಾಬಿಗೆ ಬೆರಳು ತಾಗಿದ್ದೇ ತಡ, ತಂಬೂರಿ ಒಂದೇ ಜಿಗಿತಕ್ಕೆ ಸಿಡಿಲಾಯಿತು. ಮುಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದ ಹಿರಿಯರೊಬ್ಬರು ಕಾರ್ಯಕ್ರಮ ಮುಗಿಯಿತೆಂದು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಇದಕ್ಕೆ ಮದ್ದು ಉಂಟು, ‘ಪಿಕಪ್’ ಎನ್ನುತ್ತಾರೆ. ನಾಬ್ ತಿರುಗಿ ಬಂದು 60ನ್ನು ಮುಟ್ಟುವವರೆಗೆ ಲ್ಯಾಪ್‌ಟಾಪ್ ಅದರ ಮಾತಿಗೆ ಕಿವಿಗೊಡುವುದಿಲ್ಲ. ಜಿಗಿತವೇನೋ ನಿಲ್ಲುತ್ತದೆ. ಆದರೆ ತಂಬೂರಿ ಏರಿಸಬೇಕಾದರೆ ನಾಬನ್ನು ಮೊದಲು ಕೆಳಗಿಳಿಸಿ, 60ರಲ್ಲಿ ಕೈಗೆ ಸಿಕ್ಕಿದ ಮೇಲೆ ಮತ್ತೆ ಮೇಲೇರಿಸಬೇಕು. ಗಾಯಕರ ಕಣ್ಣು ನನ್ನ ಬೆರಳ ಮೇಲೆಯೇ. “ಏರಸ್ರಿ ಅಂದ್ರ ಇಳಸ್ಲಾಕತ್ತೀರಲ್ರಿ!” ಷಡ್ಜ ಹಿಡಿದವರಿಗೆ ಮಿಡಿ ವಿವರಿಸುವುದು ಹೇಗೆ? ನಕ್ಕು ಸುಮ್ಮನಾಗುತ್ತೇನೆ.

ಹುಮನಾಬಾದಿನ ಕೇಳುಗರೂ ಗಟ್ಟಿಗರು. ಪಕ್ಕದಲ್ಲೇ ಮಾಣಿಕನಗರ. ಮಾಣಿಕಪ್ರಭುಗಳು (1817–1865) ತಾವೇ ಪದ ಕಟ್ಟಿ ಹಾಡಿದ ಜಾಗ. ದತ್ತ ಜಯಂತಿಗೆ ಅಲ್ಲಿ ಸಂಗೀತಗಾರರು ಬಂದು ಹಾಡುತ್ತಾರೆ. ಇಂಥ ಕಿವಿಗಳ ಮುಂದೆ ಸಾರಂಗಿಯ ಹೊಳಪನ್ನು ನಾಬಿನಿಂದ ನಿಧಾನಕ್ಕೆ ಏರಿಸಿದರೆ 128 ಮೆಟ್ಟಿಲೂ ಟಕಟಕ ಕೇಳಿಸಿಬಿಡುತ್ತವೆ. ಮೀಂಡಿಗೆಂದು ಇರುವ ಬೆಂಡ್ ಚಕ್ರಕ್ಕೆ 16,384 ಮೆಟ್ಟಿಲು, ಅದು ಜಾರುತ್ತದೆ. ನಾಬಿಗೆ ಆ ಭಾಗ್ಯವಿಲ್ಲ. ರಿವರ್ಬನ್ನಂತೂ ನಾನು ಅಲ್ಲಿ ಮುಟ್ಟುವುದಿಲ್ಲ. ತಗಡಿನ ಮಂಟಪದಲ್ಲಿ ‘ಕೂಡಲಸಂಗಮದೇವ’ ಅದಾಗಿಯೇ ಮೂರು ಸಲ ಬರುತ್ತಾನೆ.

ಹಾಗಾದರೆ ಎಂಟೂ ನಾಬು ಬೇಕೆ? ಹಳೆಯ ಪೇಟಿಯನ್ನು ನೋಡಿ. ಮೀಂಡ್ ಬಾರದು ಎಂಬಂಥ ದೂರು ಹೊರಿಸಿ ಆಕಾಶವಾಣಿ 1940ರಲ್ಲಿ ಹಾರ್ಮೋನಿಯಮ್ಮನ್ನು ಹೊರಗಿಟ್ಟು, 1971ರವರೆಗೆ ಒಳಗೆ ಬಿಟ್ಟುಕೊಳ್ಳಲಿಲ್ಲ. ಅಷ್ಟು ಅವಮಾನ ಉಂಡರೂ ಪೇಟಿ ಮಾಡುವವರ ಜಾಣತನ ಕುಂದಲಿಲ್ಲ. ಮುಂದೆ ಸಾಲಾಗಿ ಕಾಣುವ ಎಳೆಯುವ ಗುಬ್ಬಿಗಳಲ್ಲಿ ಕೆಲವು ಗಾಳಿ ಬಿಡುತ್ತವೆ, ಕೆಲವು ಶ್ರುತಿ ಹಿಡಿಯುತ್ತವೆ. ಎಷ್ಟೋ ಪೇಟಿಗಳಲ್ಲಿ ಒಂದೆರಡು ಬರೀ ಶೋಭೆಗೆ. ಎಳೆದರೆ ಬರುತ್ತವೆ, ತಳ್ಳಿದರೆ ಹೋಗುತ್ತವೆ, ದನಿಗೆ ಏನೂ ಆಗುವುದಿಲ್ಲ.

ಈಗ ನನ್ನದೂ ಅದೇ ಪದ್ಧತಿ. ತಂಬೂರಿಗೊಂದು, ಸಾರಂಗಿಗೊಂದು, ಕೊಳಲಿಗೊಂದು, ಒಟ್ಟು ದನಿಗೆ ಇನ್ನೊಂದು. ಉಳಿದ ನಾಲ್ಕು ಖಾಲಿ. ಮೈಕಿನವನು ಬಂದು ಐದನೆಯದನ್ನು ತಿರುವಿ ತಲೆದೂಗುತ್ತಾನೆ. ಗಾಯಕರು ಕೈ ಚಾಚಿ ಏಳನೆಯದನ್ನು ಕೂದಲೆಳೆಯಷ್ಟು ಸರಿಸಿ, “ಈಗ ಛಲೋ ಬಂತು ನೋಡ್ರಿ” ಅನ್ನುತ್ತಾರೆ. ಬಂದದ್ದು ಹೌದು, ಆಮೇಲೆ ಅವರು ನಿಜಕ್ಕೂ ಚೆನ್ನಾಗಿ ಹಾಡುತ್ತಾರೆ.

ನಿಮ್ಮೂರಲ್ಲೂ ಯಾರಾದರೂ ಹೊಸದಾಗಿ ಇಂಥ ಕೀಬೋರ್ಡ್ ಕೊಂಡಿದ್ದರೆ ಒಂದು ಮಾತು ಹೇಳಿ. ಬಲತುದಿಯ ಎಂಟನೆಯ ನಾಬಿಗೆ ಏನನ್ನೂ ಜೋಡಿಸಬೇಡಿರಪ್ಪ, ಮುಖ್ಯ ಅತಿಥಿಗಳ ಕುರ್ಚಿ ಹಾಕುವುದು ಅದರ ಪಕ್ಕದಲ್ಲೇ.