ಒಬ್ಬನ ಆಟ, ಊರಿಗೆಲ್ಲ ಪಂಚಾಯ್ತಿ

ಹಿರೇಹಂದಿಗೋಳದಿಂದ ಗದಗಿಗೆ ಹೋಗುವ ಮುಂಜಾನೆಯ ಬಸ್ಸಿನಲ್ಲಿ ಸೀಟು ಸಿಕ್ಕಿತೆಂದು ಹಿಗ್ಗುವ ಮೊದಲು ಪಕ್ಕದಲ್ಲಿ ಯಾರು ಕೂತಿದ್ದಾರೆಂದು ನೋಡಿಕೊಳ್ಳುವುದು ಒಳ್ಳೆಯದು. ಕೋಳಿ ಬುಟ್ಟಿ ಇದ್ದರೆ ಅಡ್ಡಿಯಿಲ್ಲ. ಉಳ್ಳಾಗಡ್ಡಿ ಚೀಲವಿದ್ದರೂ ನಡೆಯುತ್ತದೆ. ಡೆಕ್ಕಪ್ಪ ಕೂತಿದ್ದರೆ ಮಾತ್ರ ಕಂಬಿ ಹಿಡಿದು ನಿಂತುಕೊಂಡೇ ಹೋಗುವುದು ಲೇಸು.

ಡೆಕ್ಕಪ್ಪ ಎಂಬುದು ತೊಟ್ಟಿಲಲ್ಲಿ ಇಟ್ಟ ಹೆಸರಲ್ಲ, ಬಸ್ಸಿನಲ್ಲಿ ಬಿದ್ದ ಹೆಸರು. ಮಾತಿಗೊಮ್ಮೆ 'ಡೆಕ್ಕು ಹಿಂಗಿರಬೇಕು, ಡೆಕ್ಕು ಹಂಗಿರಬೇಕು' ಎಂದು ಆಟದ ಎಲೆಗಳ ಕಟ್ಟಿನ ಮಾತೆತ್ತುವ ಇಪ್ಪತ್ತಾರರ ಹುಡುಗನಿಗೆ ಜನ ಇನ್ನೇನು ಹೆಸರಿಟ್ಟಾರು? ಗದಗಿನ ಒಂದು ಝೆರಾಕ್ಸ್ ಅಂಗಡಿಯಲ್ಲಿ ಪಹಣಿ ತೆಗೆದುಕೊಡುವುದು, ಅರ್ಜಿ ತುಂಬುವುದು ಅವನ ಕೆಲಸ. ಅಭಿಪ್ರಾಯ ಹೇಳುವುದು ಅವನ ಬದುಕು. ಇಂಥವರು ಈಗ ಎಲ್ಲ ಊರಲ್ಲೂ ಒಬ್ಬೊಬ್ಬರು ಇದ್ದಾರೆ. ಆದರೆ ಈ ಲೇಖಕನ ಪಾಲಿಗೆ ಬಂದವನು ಇವನು, ಅದೂ ವಾರಕ್ಕೆ ಆರು ದಿನ.

ಅವನು ಎಲ್ಲರಂತೆ 'ಚಾ ಆತೇನ್ರಿ' ಎಂದು ಮಾತು ತೆಗೆಯುವುದಿಲ್ಲ. ಫೋನಿನಿಂದ ಅರ್ಧ ತಲೆ ಎತ್ತಿ, "ನಿನ್ನೆ ರಾತ್ರಿ ಮತ್ತ ಸತ್ನಿ ಕಾಕಾ" ಎನ್ನುತ್ತಾನೆ.

ಅವನು ದಿನಾ ಸಾಯುವ ಆಟದ ಹೆಸರು 'ಸ್ಲೇ ದ ಸ್ಪೈರ್'. ಅಮೆರಿಕದ ಸಿಯಾಟಲ್‌ನಲ್ಲಿ ಆಂಥನಿ ಜೋವನೆಟ್ಟಿ ಮತ್ತು ಕೇಸಿ ಯಾನೋ ಎಂಬ ಇಬ್ಬರು 'ಮೆಗಾ ಕ್ರಿಟ್' ಎಂಬ ಪುಟ್ಟ ಸಂಸ್ಥೆ ಕಟ್ಟಿ ಮಾಡಿದ್ದು. ಎದುರಾಳಿ ಬೇಡ, ಜೊತೆಗಾರ ಬೇಡ, ಒಬ್ಬನೇ ಕೂತು ಆಡುವ ಇಸ್ಪೀಟು ಎನ್ನಬಹುದು. ಆದರೆ ಎಲೆಗಳ ಮೇಲೆ ರಾಜ ರಾಣಿ ಗುಲಾಮರಿಲ್ಲ. ಕತ್ತಿಯೇಟು, ಗುರಾಣಿ, ವಿಷ, ಮಂತ್ರ ಇವೆ. ಮೊದಲ ವೀರನಿಗೆ ಆರಂಭದಲ್ಲಿ ಸಿಗುವುದು ಬರೀ ಹತ್ತು ಎಲೆ: ಐದು ಹೊಡೆಯುವುದಕ್ಕೆ, ನಾಲ್ಕು ತಡೆಯುವುದಕ್ಕೆ, ಒಂದು ಜೋರಾಗಿ ಗುದ್ದುವುದಕ್ಕೆ. ಒಂದೊಂದು ಕಾಳಗ ಗೆದ್ದಾಗಲೂ ಮೂರು ಹೊಸ ಎಲೆ ತೋರಿಸುತ್ತಾರೆ. ಒಂದನ್ನು ಆರಿಸಿಕೊಂಡು ಗೋಪುರ ಹತ್ತುತ್ತ ಹೋಗಬೇಕು. ನಡುವೆ ಸತ್ತರೆ ಕೂಡಿಸಿದ ಎಲೆಗಳೆಲ್ಲ ಹೋಗಿ ಮತ್ತೆ ಅವೇ ಹತ್ತು.

2017ರ ನವೆಂಬರಿನಲ್ಲಿ ಈ ಆಟ ಅರೆಬೆಂದ ರೊಟ್ಟಿಯ ಹಾಗೆಯೇ ಮಾರಾಟಕ್ಕೆ ಬಂತು. ಆಡಿದವರು 'ಇಲ್ಲಿ ಉಪ್ಪು ಕಡಿಮೆ, ಅಲ್ಲಿ ಸೀದಿದೆ' ಎಂದ ಹಾಗೆಲ್ಲ ಮಾಡಿದವರು ತಿದ್ದುತ್ತ ಹೋದರು. 2019ರ ಜನವರಿಯಲ್ಲಿ ಪೂರ್ತಿ ಬೆಂದು ಹೊರಗೆ ಬಂತು. 2021ರಲ್ಲಿ ಆಂಡ್ರಾಯ್ಡ್ ಫೋನಿಗೂ ಇಳಿಯಿತು. ಡೆಕ್ಕಪ್ಪನ ಮಟ್ಟಿಗೆ ಅಡುಗೆಮನೆ ಇನ್ನೂ ಮುಚ್ಚಿಲ್ಲ. ಸಿಯಾಟಲ್‌ನ ಆ ಇಬ್ಬರು ತನ್ನ ಅಭಿಪ್ರಾಯಕ್ಕಾಗಿ ಕಾದು ಕೂತಿದ್ದಾರೆಂದೇ ಅವನ ನಂಬಿಕೆ. ಅವರು ದೂರದಲ್ಲಿದ್ದಾರೆ, ಲೇಖಕ ಪಕ್ಕದ ಸೀಟಿನಲ್ಲಿದ್ದಾನೆ. ಅದಕ್ಕೇ ಈ ಪಾಡು.

ಒಂದು ದಿನದ ಕಥೆಯನ್ನಂತೂ ಹೇಳಲೇಬೇಕು. ಆ ಆಟದ ಗೋಪುರದ ತುದಿಯಲ್ಲಿ ಕೊನೆಯ ಶತ್ರುವಾಗಿ ಒಂದು ದೊಡ್ಡ ಹೃದಯ ಇದೆ. ಅದರ ಆಯುಷ್ಯ 750. ಮೂರು ಕೀಲಿ ಕೂಡಿಸಿದವರಿಗೆ ಮಾತ್ರ ಅದರ ದರ್ಶನ. ಅದರ ಎದುರು ನೀವು ಒಂದೊಂದು ಎಲೆ ಇಳಿಸಿದಾಗಲೂ ಅದು ನಿಮಗೊಂದು ಏಟು ಕೊಡುತ್ತದೆ. ಇಷ್ಟು ಗೊತ್ತಿದ್ದವರಿಗೆ ಅಂದಿನ ಮಾತುಕತೆ ಸರಳ. ಮುಂದಿನ ಸೀಟಿನಲ್ಲಿದ್ದ ಆಯಿಗೆ ಇದು ಗೊತ್ತಿರಲಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಶೂನ್ಯ ಟಿಕೆಟ್ಟಿನಲ್ಲಿ ವಾರಕ್ಕೆರಡು ಸಲ ಗದಗಿಗೆ ಹೋಗಿ ಬರುವ, ಸೊಂಟದಲ್ಲಿ ಎಲೆ-ಅಡಿಕೆ ಸಂಚಿ ಸಿಕ್ಕಿಸಿಕೊಂಡ ಆಯಿ ಆಕೆ.

"ಹಾರ್ಟಿನ ಕೈಯಾಗ ಸತ್ನಿ ಕಾಕಾ. ಈ ವಾರದಾಗ ಮೂರನೇ ಸಲ."

ಆಯಿಯ ಕಿವಿ ನೆಟ್ಟಗಾಯಿತು.

"ಎಲಿ ಹಾಕಿದಾಗೊಮ್ಮೆ ಬಡೀತೈತ್ರಿ. ಒಂದ ಎಲಿ, ಒಂದ ಬಡತ. ನಾ ಏನ ಕಡಿಮಿ ಹಾಕ್ತೀನೇನು? ಒಮ್ಮೊಮ್ಮೆ ಹದಿನೈದು, ಇಪ್ಪತ್ತ ಎಲಿ ಹಾಕ್ತೀನಿ."

"ಹಂಗಾರ ಕಡಿಮಿ ಹಾಕೋ ಮಾರಾಯಾ," ಎಂದ ಲೇಖಕ, ಏನಾದರೊಂದು ಅನ್ನಬೇಕಲ್ಲ ಎಂದು.

"ಕಡಿಮಿ ಹಾಕಿದ್ರ ಉಳಿಯೂದ ಇಲ್ರಿ."

ಆಯಿ ತಿರುಗಿಯೇ ಬಿಟ್ಟಳು. "ಇಪ್ಪತ್ತ ಎಲಿ ಹಾಕ್ತೀಯೇನೋ ನನ್ನಪ್ಪಾ? ತಂಬಾಕ ಹಚ್ಚಿ ಹಾಕ್ತೀಯೋ, ಬರೇ ಸುಣ್ಣಾನೋ?"

ಡೆಕ್ಕಪ್ಪ ಅಷ್ಟರಲ್ಲಿ ಮುಂದಿನ ಕಾಳಗಕ್ಕೆ ಇಳಿದಿದ್ದ. ಕೇಳಿಸಿಕೊಳ್ಳದೆ ಹೂಂ ಎಂದ. ಆ ಹೊತ್ತಿನಲ್ಲಿ ಬಾಯಿಬಿಟ್ಟು ಇದು ಬಾಯಿಗೆ ಹಾಕುವ ಎಲೆಯಲ್ಲ, ಫೋನಿನ ಎಲೆ ಎಂದು ಹೇಳಬಹುದಾಗಿದ್ದವನು ಲೇಖಕನೊಬ್ಬನೇ. ಹೇಳಲಿಲ್ಲ. ಮೂರು ವಾರದ ಸಿಟ್ಟು ಗಂಟಲಲ್ಲಿ ಕೂತಿತ್ತು. ಕಿಟಕಿಯಾಚೆ ಹೆಸರಿನ ಬೆಳೆ ಹೇಗಿದೆ ಎಂದು ನೋಡುತ್ತ ಕೂತ.

ಸಂಜೆ ಡೆಕ್ಕಪ್ಪ ಕೊನೆಯ ಬಸ್ಸಿಗೆ ಇಳಿದು ಮನೆಗೆ ಹೋದರೆ ಬಾಗಿಲ ಮುಂದೆ ಹದಿನಾರು ಜೊತೆ ಚಪ್ಪಲಿ. ಒಳಗೆ ಬಾಳೆಹಣ್ಣು, ಎಳನೀರು, ಯಾರೋ ತಂದ ವಿಭೂತಿ. ಒಬ್ಬರು ಹುಬ್ಬಳ್ಳಿ ದವಾಖಾನೆ ಎನ್ನುತ್ತಿದ್ದಾರೆ, ಇನ್ನೊಬ್ಬರು ನಾಟಿ ಔಷಧ. ತಾಯಿ ಕಣ್ಣೊರೆಸಿಕೊಳ್ಳುತ್ತ ಬಂದವರಿಗೆಲ್ಲ ಚಹಾ ಕೊಡುತ್ತಿದ್ದಾಳೆ. ಗಾಬರಿಯಾದ ಡೆಕ್ಕಪ್ಪ ಹೊಸ್ತಿಲಲ್ಲೇ ನಿಂತು, "ಯಾರು ಹೋದ್ರು?" ಎಂದು ಕೇಳಿದನಂತೆ. ಗೋಡೆಗೊರಗಿ ಕೂತಿದ್ದ ಹುಡುಗನೊಬ್ಬ, "ನೀನ!" ಅಂದನಂತೆ.

ಮುಂದಿನ ಒಂದು ತಾಸು ಅವನು ಫೋನನ್ನು ಕೈಯಿಂದ ಕೈಗೆ ಕೊಟ್ಟು ಎಲ್ಲ ವಿವರಿಸಿದ. ಬಂದವರೆಲ್ಲ ಆ ಹೃದಯವನ್ನು ಕಣ್ಣಾರೆ ಕಂಡು ಸಮಾಧಾನಪಟ್ಟುಕೊಂಡರು. ಹಿರಿಯರೊಬ್ಬರು ಮಾತ್ರ ಬುಡಕ್ಕೇ ಕೈ ಹಾಕಿದರು.

"ಗೆದ್ರ ಏನ ಬರತೈತಿ?"

"ಏನೂ ಬರಂಗಿಲ್ರಿ."

"ಸೋತ್ರ ಏನ ಹೋಗತೈತಿ?"

"ಏನೂ ಹೋಗಂಗಿಲ್ಲ."

"ಮತ್ತ ಸಾಯೂದ್ಯಾಕ?"

ಹಣ ಕಟ್ಟದ ಆಟವಾದ್ದರಿಂದ ಡೆಕ್ಕಪ್ಪನ ಕಡೆ ಪೊಲೀಸರ ಕಣ್ಣಿಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕರ್ನಾಟಕ ಸರ್ಕಾರ 2021ರಲ್ಲಿ ನಿಷೇಧಿಸಿದ್ದು, 2022ರ ಫೆಬ್ರವರಿಯಲ್ಲಿ ಹೈಕೋರ್ಟು ಆ ತಿದ್ದುಪಡಿಯನ್ನು ರದ್ದು ಮಾಡಿದ್ದು, ಕಡೆಗೆ 2025ರಲ್ಲಿ ಕೇಂದ್ರವೇ ಕಾನೂನು ತಂದದ್ದು ಎಲ್ಲ ಅವನ ನಾಲಿಗೆಯ ತುದಿಯಲ್ಲಿದೆ. ಈ ಇಡೀ ವ್ಯಾಜ್ಯದ ಜೀವಾಳ ಒಂದೇ ಪ್ರಶ್ನೆ: ಎಲೆಯಾಟ ಜಾಣತನವೋ, ನಸೀಬೋ? ರಮ್ಮಿಯಲ್ಲಿ ಜಾಣತನದ್ದೇ ಮೇಲುಗೈ ಎಂದು ಸುಪ್ರೀಂ ಕೋರ್ಟು 1967ರಲ್ಲೇ ಹೇಳಿದೆ. ಡೆಕ್ಕಪ್ಪನ ತೀರ್ಪು ಇನ್ನೂ ಚೊಕ್ಕ. ಗೆದ್ದರೆ ಜಾಣತನ, ಸೋತರೆ 'ಆರ್‌ಎನ್‌ಜಿ'. ಯಾವ ಎಲೆ ಯಾವಾಗ ಬರಬೇಕೆಂದು ಚೀಟಿ ಎತ್ತುವ ಕಂಪ್ಯೂಟರಿನ ಲೆಕ್ಕಾಚಾರಕ್ಕೆ ಆ ಹೆಸರು. "ಆರ್‌ಎನ್‌ಜಿ ಕೈ ಕೊಟ್ಟ ಕಾಕಾ" ಎಂದು ಅವನು ಗೋಳಾಡುವಾಗ ಕಂಡಕ್ಟರು ಒಮ್ಮೆ, "ಯಾವ ಡಿಪಾರ್ಟ್‌ಮೆಂಟ್ನಾಗ ಅದಾರ ಅವ್ರು?" ಎಂದು ಕೇಳಿದ್ದುಂಟು.

ರಾತ್ರಿ ಅವನು ಹಳೆಯ ಲ್ಯಾಪ್‌ಟಾಪಿನಲ್ಲಿ ಆಡುತ್ತಾನೆ. ಆಟ ಮಾರುವ 'ಸ್ಟೀಮ್' ಎಂಬ ಅಂಗಡಿಯಲ್ಲಿ ಕೊಂಡವರು ಅಭಿಪ್ರಾಯ ಬರೆಯಬಹುದು. ಅಲ್ಲಿ ನಕ್ಷತ್ರ, ಅಂಕ ಯಾವುದೂ ಇಲ್ಲ. ಹೆಬ್ಬೆರಳು ಮೇಲೆ ಇಲ್ಲವೇ ಕೆಳಗೆ, ಅಷ್ಟೇ. ಬರೆದವನು ಎಷ್ಟು ತಾಸು ಆಡಿದ್ದಾನೆಂಬ ಲೆಕ್ಕವೂ ಪಕ್ಕದಲ್ಲೇ ಇರುತ್ತದೆ. ಡೆಕ್ಕಪ್ಪ ಎಂಟುನೂರು ತಾಸು ಆಡಿದ ಮೇಲೆ ಹೆಬ್ಬೆರಳು ಕೆಳಗೆ ಮಾಡಿದ. ಯಾರಿಗೂ ಶಿಫಾರಸು ಮಾಡುವುದಿಲ್ಲವಂತೆ. ಎಂಟುನೂರು ಸಲ ಉಂಡು ಎದ್ದು ಪಲ್ಯಕ್ಕೆ ಉಪ್ಪಿಲ್ಲ ಅಂದ ಹಾಗಾಯಿತು ಎಂದು ಅವನ ತಾಯಿ ಅಂದದ್ದು ನ್ಯಾಯವಾಗಿಯೇ ಇದೆ. ಮರುದಿನ ಮತ್ತೆ ಆಡುತ್ತಿದ್ದ. ಬಸ್ಸು, ಬಸ್ ಸ್ಟ್ಯಾಂಡಿನ ಮಿರ್ಚಿ, ಮದುವೆ ಮನೆಯ ಸಾರು ಎಲ್ಲದಕ್ಕೂ ಈಗ ಅದೇ ಹೆಬ್ಬೆರಳು. ಹೆಬ್ಬೆಟ್ಟು ಒತ್ತುವ ಅಜ್ಜಂದಿರಿಂದ ಅಕ್ಷರ ಕಲಿತ ಮೊಮ್ಮಕ್ಕಳವರೆಗೆ ಊರು ಬಂದ ದಾರಿ ಇದೇನೋ.

ಲೇಖಕ ಒಂದು ದಿನ ಇದನ್ನೇ ಹೇಳಿ ಅವನನ್ನು ಕೆಣಕಲು ಹೋಗಿ ಪೆಟ್ಟು ತಿಂದ. "ನೀವು ಪೇಪರಿನ್ಯಾಗ ಪುಸ್ತಕದ ವಿಮರ್ಶೆ ಬರೀತೀರಲ್ಲ ಕಾಕಾ, ಅದರ ಪಕ್ಕಕ್ಕೂ ಹಿಂಗ ಹಾಕಬೇಕ್ನೋಡ್ರಿ. ಇವರು ಹದಿನಾಲ್ಕನೇ ಪುಟದ ತನಕ ಓದ್ಯಾರ ಅಂತ." ಆ ದಿನ ಗದಗ ಬರುವವರೆಗೂ ಬಸ್ಸಿನಲ್ಲಿ ಶಾಂತಿ ನೆಲೆಸಿತ್ತು.

ಅವನಲ್ಲಿ ವಿವೇಕವೇ ಇಲ್ಲವೆಂದಲ್ಲ. ಎಲೆ ಕೂಡಿಸುವುದಕ್ಕಿಂತ ಕಳೆಯುವುದೇ ದೊಡ್ಡ ವಿದ್ಯೆ ಎನ್ನುವುದು ಅವನ ಮೂಲ ಸಿದ್ಧಾಂತ. ಕಟ್ಟು ದಪ್ಪವಾದಷ್ಟೂ ಬೇಕಾದ ಎಲೆ ಬೇಕಾದ ಹೊತ್ತಿಗೆ ಬರುವುದಿಲ್ಲ. ಆದ್ದರಿಂದ ಆಟದೊಳಗಿನ ಸಾಹುಕಾರನಿಗೆ ದುಡ್ಡು ಕೊಟ್ಟು ಬೇಡದ ಎಲೆ ತೆಗೆಸಬೇಕು: ಮೊದಲ ಸಲ 75 ಹೊನ್ನು, ಆಮೇಲೆ ಒಂದೊಂದು ಸಲಕ್ಕೂ 25 ಹೆಚ್ಚು. ರೊಕ್ಕ ಕೊಟ್ಟು ಸ್ವಂತದ್ದನ್ನು ಎಸೆಯುವ ಈ ಪದ್ಧತಿ, ಮುರಿದ ಕೂರಿಗೆಯನ್ನೂ ತೂತು ಬಿದ್ದ ಕೊಡವನ್ನೂ ಅಟ್ಟಕ್ಕೆ ಏರಿಸಿಟ್ಟ ಅವನ ಅಜ್ಜನಿಗೆ ಹಿಡಿಸಲಿಲ್ಲ. ಇಬ್ಬರೂ ಎರಡು ದಿನ ಮಾತು ಬಿಟ್ಟಿದ್ದರು.

ಹಳೆಯದನ್ನು ಕಂಡರೂ ಅವನಿಗೆ ಅದೇ ಕತ್ತರಿ. ಮೈಸೂರಿನ ಗಂಜೀಫದ ಬಗ್ಗೆ ಲೇಖಕ ಅಭಿಮಾನದಿಂದ ಹೇಳಿದ: ದುಂಡಗಿನ ಎಲೆಗಳು, ದಶಾವತಾರದ ಹತ್ತು ಬಣ್ಣ, ಬಣ್ಣಕ್ಕೆ ಹನ್ನೆರಡರಂತೆ ಒಟ್ಟು 120. ಹಗಲು ಆಡಿದರೆ ರಾಮನ ಎಲೆಯದು ಮೊದಲ ಇಳಿತ, ರಾತ್ರಿಯಾದರೆ ಕೃಷ್ಣನದು. ಮುಮ್ಮಡಿ ಕೃಷ್ಣರಾಜ ಒಡೆಯರು ತಾವೇ ಹೊಸ ಹೊಸ ಎಲೆಯಾಟ ಕಟ್ಟಿದವರು. ಡೆಕ್ಕಪ್ಪ ಕಣ್ಣು ಮುಚ್ಚಿ ಕೇಳಿದ. "ಹಗಲು-ರಾತ್ರಿದು ಐಡಿಯಾ ಚಲೋ ಐತ್ರಿ. ಆದ್ರ ನೂರಾ ಇಪ್ಪತ್ತ ಎಲಿ ಭಾಳಾತು. ಅರಸರು ಒಂದ ನಲವತ್ತರ ಕಡಿಮಿ ಮಾಡಬೇಕಿತ್ತು."

ಅವನಿಗೊಬ್ಬ ಜೋಡಿದಾರನೂ ಇದ್ದಾನೆ, ಮುಳಗುಂದದವನು. ಇಬ್ಬರ ನಡುವೆ 'ಇನ್‌ಸ್ಕ್ರಿಪ್ಷನ್' ಎಂಬ ಇನ್ನೊಂದು ಆಟದ ಜಗಳ. ಡೇನಿಯಲ್ ಮಲ್ಲಿನ್ಸ್ ಎಂಬಾತ ಮಾಡಿದ, 2021ರ ಅಕ್ಟೋಬರಿನ ಆಟ. ಕತ್ತಲ ಗುಡಿಸಿಲಲ್ಲಿ ಕಣ್ಣು ಮಾತ್ರ ಕಾಣುವ ಒಬ್ಬಾತನ ಎದುರು ಕೂತು ಎಲೆ ಇಳಿಸಬೇಕು. ತೋಳದ ಎಲೆ ಬೇಕಾದರೆ ಅಳಿಲಿನ ಎಲೆಗಳನ್ನು ಬಲಿ ಕೊಡಬೇಕು. ಸೇತುವೆ ಕಟ್ಟಲು ರಾಮನಿಗೆ ಉಸುಕು ಹೊತ್ತ ಪ್ರಾಣಿಯನ್ನು ಕೊಲ್ಲುವ ಆಟ ಮನೆಯಲ್ಲಿ ಬೇಡ ಎಂದು ತಾಯಿ ತಕರಾರು ತೆಗೆದದ್ದು ಬೇರೆ ಮಾತು. ಗುಡಿಸಿಲಿನ ಭಾಗ ಮುಗಿದ ಮೇಲೆ ಆಟದ ರೂಪವೇ ಬದಲಾಗುತ್ತದೆ. ಅಲ್ಲಿಂದ ಆಡುವವರೂ ಎರಡು ಪಂಗಡ. ಗುಡಿಸಿಲೇ ಸಾಕಿತ್ತು ಎನ್ನುವವರು ಲೋಕದ ತುಂಬ ಇದ್ದಾರೆ. ಬರೀ ಗುಡಿಸಿಲಿನಲ್ಲೇ ಎಷ್ಟು ಸಲ ಬೇಕಾದರೂ ಆಡುವ ಹಾಗೆ 'ಕೇಸೀಸ್ ಮಾಡ್' ಎಂಬುದನ್ನು 2022ರಲ್ಲಿ ಉಚಿತವಾಗಿ ಕೊಟ್ಟರು. ಡೆಕ್ಕಪ್ಪ ಗುಡಿಸಿಲಿನ ಪಕ್ಷ. ಮುಳಗುಂದದವನು ಪೂರ್ತಿ ಆಟದ ಪಕ್ಷ. ಮದುವೆಯೊಂದರಲ್ಲಿ ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂತು ವಾದಕ್ಕಿಳಿದು, ಬಡಿಸುವವರು ಮೂರು ಸಲ ಬಂದು ಹೋದರೂ ಎಲೆಯ ಮೇಲಿನ ಹೋಳಿಗೆ ಮುಟ್ಟಿರಲಿಲ್ಲ. ಆ ಎಲೆಯ ಮೇಲೆ ಅವರಿಗೆ ಅಭಿಪ್ರಾಯವಿರಲಿಲ್ಲ.

ಮುಳಗುಂದದವನು ಕಳೆದ ವರ್ಷ ಪುಣೆಗೆ ಹೋದ.

ಊರಿನ ಗುಡಿಯ ಕಟ್ಟೆಯ ಮೇಲೆ ಮೊದಲು ಇಳಿಹೊತ್ತಿಗೆ ನಾಲ್ಕು ಮಂದಿ ಸುತ್ತ ಕೂತು ಎಲೆ ಒಗೆಯುತ್ತಿದ್ದರು, ಎಂಟು ಮಂದಿ ಹಿಂದೆ ನಿಂತು ಬುದ್ಧಿ ಹೇಳುತ್ತಿದ್ದರು. ಅಭಿಪ್ರಾಯ ಹೇಳಲು ಆಡಲೇಬೇಕೆಂಬ ನಿಯಮ ಆಗಲೂ ಇರಲಿಲ್ಲ. 'ಆ ರಾಣಿ ಇಳಸಬಾರದಿತ್ತೋ' ಎಂಬ ಮಾತಿಗೆ ಬೈಗುಳ, ಬೈಗುಳಕ್ಕೆ ನಗೆ, ನಗೆಗೆ ಯಾರದೋ ಖರ್ಚಿನ ಚಹಾ. ಡೆಕ್ಕಪ್ಪನ ವಯಸ್ಸಿನ ಹುಡುಗರಲ್ಲಿ ಈಗ ಒಬ್ಬ ಹುಬ್ಬಳ್ಳಿಯಲ್ಲಿ, ಇಬ್ಬರು ಬೆಂಗಳೂರಿನಲ್ಲಿ, ಒಬ್ಬ ಗೋವಾದ ಕಡೆ. ದೀಪಾವಳಿಗೂ ನಾಲ್ಕು ಕೈ ಕೂಡುವುದಿಲ್ಲ. ಹೀಗಾಗಿ ಒಬ್ಬನೇ ಆಡುವ ಆಟ. ಎಲೆಗಳೆಲ್ಲ ಸಿಕ್ಕವು, ವೈರಿಗಳೂ ಸಿಕ್ಕರು, 'ಆ ಎಲಿ ಯಾಕ ಹಾಕಿದಿ' ಎಂದು ಕೇಳುವವನು ಮಾತ್ರ ಆಟದೊಳಗೆ ಸಿಗಲಿಲ್ಲ. ಆ ಕೆಲಸ ಪಕ್ಕದ ಸೀಟಿನ ಕಾಕಾನ ಕೊರಳಿಗೆ ಬಿತ್ತು.

ಕಾಕಾ ಆ ಕೆಲಸ ಸರಿಯಾಗಿ ಮಾಡಲಿಲ್ಲ ಎನ್ನುವುದನ್ನೂ ಬರೆದುಬಿಡಬೇಕು. ಕಳೆದ ತಿಂಗಳು ಲೇಖಕ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ನಿದ್ದೆ ಬಂದಂತೆ ನಟಿಸುತ್ತಿದ್ದ. ಡೆಕ್ಕಪ್ಪ ಬಂದು, ನೋಡಿ, ಎಬ್ಬಿಸದೆ ಮುಂದೆ ಹೋಗಿ ಆಯಿಯ ಪಕ್ಕ ಕೂತ. ಎಲೆ-ಅಡಿಕೆಯ ಗೊಂದಲವಾದ ಮೇಲೆ ಆಯಿ ನಾಲ್ಕು ದಿನ ಹೆದರಿ ಸಂಚಿ ಮುಟ್ಟಿರಲಿಲ್ಲವಂತೆ. ಐದನೇ ದಿನದಿಂದ ಮತ್ತೆ ಶುರು.

"ಇವತ್ತ ಹಾರ್ಟ್ ಹೆಂಗೈತೋ?" ಎಂದಳು ಆಯಿ, ಎಲೆಗೆ ಸುಣ್ಣ ಸವರುತ್ತ.

"ಏಳುನೂರಾ ಐವತ್ತರಾಗ ಹನ್ನೊಂದ ಉಳದಿತ್ತು ಆಯಿ. ಅಷ್ಟರಾಗ ಸತ್ನಿ."

"ಹ್ವಾದ ವಾರ ಎಷ್ಟಿತ್ತು?"

"ನಲವತ್ತು."

"ಇಳಿಯಾಕತ್ತೈತಿ ಬಿಡು," ಎಂದು ಆಯಿ ಎಲೆ ಮಡಿಚಿ ದವಡೆಗೆ ಇಟ್ಟುಕೊಂಡಳು. "ಹಿಂದಾಗಡೆ ಏನ ಹಾಕಿದಿ, ಅದನ್ನ ಮೊದಲ ಹೇಳು."