ಲೈನಪ್ಪನವರು

ರಾಬರ್ಟ್‌ಸನ್‌ಪೇಟೆಯಲ್ಲಿ ಹೊಸಬರು ಎದುರಾದರೆ ಲೈನಪ್ಪನವರು ಹೆಸರು ಕೇಳುವುದಿಲ್ಲ, ಊರು ಕೇಳುವುದಿಲ್ಲ, ಜಾತಿಯನ್ನಂತೂ ಬಾಯಿಬಿಟ್ಟು ಕೇಳುವುದೇ ಇಲ್ಲ. “ಯಾವ ಲೈನು?” ಅಷ್ಟೆ. ಮೂರೂ ಅದರಲ್ಲೇ ತಿಳಿದುಬಿಡುತ್ತದೆ ಎಂಬುದು ಅವರ ಗಟ್ಟಿ ನಂಬಿಕೆ.

ಲೈನಪ್ಪ ಅನ್ನುವುದು ನಾನಿಟ್ಟ ಹೆಸರು. ಅವರು ಒಬ್ಬರೂ ಅಲ್ಲ, ಎಂ.ಜಿ. ಮಾರ್ಕೆಟ್ಟಿನ ಆಸುಪಾಸು ಟೀ ಅಂಗಡಿಗೊಬ್ಬರಂತೆ ಸಿಗುತ್ತಾರೆ. ಇಸ್ತ್ರಿ ಪ್ಯಾಂಟು, ಒಳಕ್ಕೆ ಸೇರಿಸಿದ ಅಂಗಿ, ಜೇಬಿಗೆ ಪೆನ್ನು, ಮುಖ ಕಾಣುವಷ್ಟು ತಿಕ್ಕಿದ ಶೂ. ಇಲ್ಲಿನ ಕೋಲಾರದ ಚಿನ್ನದ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಶೂ ಇನ್ನೂ ಡ್ಯೂಟಿಯಲ್ಲಿದೆ. ಮನೆಯಲ್ಲಿ ತಮಿಳು, ಬಜಾರಿನಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ, ಸಿಟ್ಟು ಬಂದರೆ ಇಂಗ್ಲಿಷು. ನಾಲ್ಕರಲ್ಲೂ ಅವರಿಗೆ ಬೇಕಾಗುವ ನಾಮಪದ ಮಾತ್ರ ಒಂದೇ.

ತಪ್ಪು ಅವರದಲ್ಲ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿಗೆ ಕಾಲಿಟ್ಟ ಮೇಲೆ ದೊರೆಗಳಿಗೆ ಬಂಗಲೆ ಎದ್ದವು, ಕೂಲಿಯವರಿಗೆ ತಟ್ಟಿಗೋಡೆಯ ಸಾಲುಮನೆ. ಆ ಸಾಲಿಗೇ ಲೈನು ಅಂದರು. ಬಂಗಲೆಯವರು ಸಂಜೆಯಾದರೆ ಕ್ಲಬ್ಬಿಗೆ, ಲೈನಿನವರು ಸಂಜೆಯಾದರೆ ಭೂಮಿಯೊಳಕ್ಕೆ. ಲೈನಿನಲ್ಲಿ ಹುಟ್ಟಿ, ಲೈನಿನ ನಲ್ಲಿಯಲ್ಲಿ ನೀರು ಹಿಡಿದು, ಪಕ್ಕದ ಲೈನಿನಿಂದ ಹೆಣ್ಣು ತಂದವರಿಗೆ ಜಗತ್ತಿನ ಉಳಿದ ಭಾಗವೂ ಲೈನಾಗಿಯೇ ಕಂಡರೆ ಆಶ್ಚರ್ಯವೇನು?

ಮೊನ್ನೆ ಬೆಂಗಳೂರಿನಿಂದ ಮೊಮ್ಮಗಳನ್ನು ನೋಡಲು ಹುಡುಗ ಬಂದಿದ್ದ. ಉಪ್ಪಿಟ್ಟಿಗೂ ಮೊದಲೇ ಪ್ರಶ್ನೆ ಬಂತು.

“ಯಾವ ಲೈನಪ್ಪಾ?”

“ಸಾಫ್ಟ್‌ವೇರ್ ಲೈನು, ತಾತ.”

ಲೈನಪ್ಪನವರು ಕಣ್ಣು ಮುಚ್ಚಿ ಊರಿನ ನಕ್ಷೆ ತಿರುವಿಹಾಕಿದರು. “ಚಾಂಪಿಯನ್ ರೀಫ್ಸ್ ಕಡೆಯದಾ, ಊರ್‌ಗಾಂ ಕಡೆಯದಾ?”

ಹುಡುಗನಿಗೆ ಗಾಬರಿಯಾಯಿತು. ಸಾಲದ್ದಕ್ಕೆ, “ಕಾಲೇಜಲ್ಲಿ ಲೈನ್ ಗೀನ್ ಹೊಡೆದಿದ್ದುಂಟಾ?” ಎಂದು ಪೂರಕ ಪ್ರಶ್ನೆ ಬೇರೆ. ಇದರ ಅರ್ಥ ಮಾತ್ರ ಅವನಿಗೆ ಚೆನ್ನಾಗಿ ಗೊತ್ತಿತ್ತು. ಉಪ್ಪಿಟ್ಟು ಗಂಟಲಲ್ಲೇ ನಿಂತಿತು.

ಕರೆಂಟು ಹೋದರೆ ಬೇರೆಯವರು ಬೈಯುತ್ತಾರೆ. ಲೈನಪ್ಪನವರಿಗೆ ಅದೇ ಸುಸಮಯ. “ಲೈನ್ ಹೋಯ್ತಾ? ಕೂತ್ಕೊಳ್ಳಿ, ಹೇಳ್ತೀನಿ,” ಎಂದು ಕತ್ತಲಲ್ಲಿ ಶುರುಮಾಡುತ್ತಾರೆ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದ ಯೋಜನೆ. ಕಾವೇರಿಯ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು 1902ರಲ್ಲಿ ಗಣಿಗೆ ವಿದ್ಯುತ್ ತಂದರು. “ನಿಮ್ಮ ಬೆಂಗಳೂರಿಗೆ ಯಾವಾಗ ಬಂತು? 1905! ಮೂರು ವರ್ಷ ನೀವು ಸೀಮೆಎಣ್ಣೆ, ನಾವು ಕರೆಂಟು.” ಮಾತು ಪೂರ್ತಿ ನಿಜ. ಆದರೆ ಬೆವರು ಒರೆಸಿಕೊಳ್ಳುತ್ತಾ ಮೇಣದಬತ್ತಿ ಹುಡುಕುವವರಿಗೆ ಈ ಮೂರು ವರ್ಷದ ಮುನ್ನಡೆ ಯಾಕೋ ರುಚಿಸುವುದಿಲ್ಲ. ಲೈನ್‌ಮನ್ ಬೇಗ ಬಂದುಬಿಟ್ಟರೆ ಲೈನಪ್ಪನವರ ಮುಖ ಬಾಡುತ್ತದೆ, ಕಥೆ ಇನ್ನೂ 1910ಕ್ಕೂ ಬಂದಿರುವುದಿಲ್ಲ.

ರೈಲಿನದು ಬೇರೆಯೇ ಅಧ್ಯಾಯ. ಬಂಗಾರಪೇಟೆ ಬೌರಿಂಗ್‌ಪೇಟೆಯಾಗಿದ್ದ ಕಾಲದಲ್ಲಿ, 1894ರಲ್ಲಿ, ಗಣಿಗೆಂದೇ ಹಾಕಿದ ಕವಲು ಲೈನು ಮಾರಿಕುಪ್ಪಂವರೆಗೆ ಬಂದು ನಿಂತುಬಿಡುತ್ತದೆ. ಹಿಂದೆ ಚಿನ್ನ ಹೊರಡುತ್ತಿದ್ದ ದಾರಿಯಲ್ಲಿ ಈಗ ಬೆಳಗಿನ ಕತ್ತಲಿಗೇ ಊರಿನ ಮಕ್ಕಳು ಬೆಂಗಳೂರಿಗೆ ದುಡಿಯಲು ಹೊರಡುತ್ತಾರೆ, ರಾತ್ರಿ ವಾಪಸು. (ಚಿನ್ನ ವಾಪಸು ಬರುತ್ತಿರಲಿಲ್ಲ ಅನ್ನುವುದೊಂದೇ ವ್ಯತ್ಯಾಸ.) ಕಿಟಕಿ ಸೀಟಿಗೆ ಕರ್ಚೀಫು ಎಸೆದವನನ್ನು ಕಂಡರೆ ಲೈನಪ್ಪನವರಿಗೆ ಆಗದು. “ಲೈನ್ ಕಿಲಿಯರ್ ಇಲ್ದೆ ಗಾಡಿನೇ ಬಿಡಲ್ಲ, ನೀನ್ ಹೆಂಗಯ್ಯಾ ಸೀಟ್ ಹಿಡಿದೆ?” ಮಾರಿಕುಪ್ಪಂನಿಂದ ಕುಪ್ಪಂಗೆ ಹಳಿ ಹಾಕುವ ಸುದ್ದಿ ಎತ್ತಿದರೆ ಮಾತ್ರ ಮೆತ್ತಗಾಗುತ್ತಾರೆ. ತಮ್ಮ ಲೈನಿಗೂ ಮುಂದೊಂದು ಊರಿದೆ ಎಂಬ ವಿಚಾರಕ್ಕೆ ಅವರಿನ್ನೂ ಒಗ್ಗಿಕೊಂಡಿಲ್ಲ.

ಊರಿನ ಶಿಸ್ತಿಗೂ ಅವರೇ ಜವಾಬ್ದಾರರು. ಮೈಸೂರಿನ ರೆಸಿಡೆಂಟ್ ಆಗಿದ್ದ ಡೊನಾಲ್ಡ್ ರಾಬರ್ಟ್‌ಸನ್ ಹೆಸರಿನ ಪೇಟೆ ಇದು. ನೇರ ಬೀದಿ, ಅಡ್ಡಕ್ಕೆ ಅಷ್ಟೇ ನೇರ ಕ್ರಾಸು. ಆ ಕ್ರಾಸಿನಲ್ಲಿ ಆಟೋ ಸೊಟ್ಟಗೆ ನಿಂತರೆ ರಾಬರ್ಟ್‌ಸನ್ ದೊರೆಗೆ ತಾವೇ ಉತ್ತರ ಹೇಳಬೇಕು ಎಂಬಂತೆ ಒದ್ದಾಡುತ್ತಾರೆ. “ಲೈನಲ್ಲಿ ನಿಲ್ಸಪ್ಪಾ!” ಆಟೋದವನು ಹಾರ್ನಿನಲ್ಲೇ ಉತ್ತರಿಸುತ್ತಾನೆ. ಅವನು ಲೈನಿಗೆ ಬರುವ ಗಿರಾಕಿಯಲ್ಲ.

ಈಗ ಹೊಸ ಸಂಕಟ ಆನ್‌ಲೈನು. ಬದುಕಿದ್ದೇನೆ ಎಂದು ವರ್ಷಕ್ಕೊಮ್ಮೆ ಬೆರಳೊತ್ತಿ ಸಾಬೀತು ಮಾಡಬೇಕಾದ ಪಿಂಚಣಿದಾರರು ಅವರು. ಸೈಬರ್ ಅಂಗಡಿಯ ಹುಡುಗಿ, “ಅಂಕಲ್, ನೀವು ಆಫ್‌ಲೈನ್ ತೋರಿಸ್ತಿದೀರಾ,” ಅಂದಳು. ಜೀವಮಾನದಲ್ಲಿ ಯಾರೂ ಅವರಿಗೆ ಅಂಥ ಮಾತು ಆಡಿರಲಿಲ್ಲ. ದುಡಿಮೆಯ ಕಾಲದಲ್ಲಿ ಭೂಮಿಯ ತಳಕ್ಕಿಳಿದಾಗಲೂ, ಬಂಡೆ ಸಿಡಿದು ಮೇಲೆ ಮನೆ ಪಾತ್ರೆಗಳು ಅದುರಿದಾಗಲೂ ಹಾಜರಿ ಪುಸ್ತಕ ಅವರನ್ನು ಕೈಬಿಟ್ಟಿರಲಿಲ್ಲ.

ನೇರ ಟೀ ಅಂಗಡಿಗೆ ಬಂದು ಸಹಾಯವಾಣಿಗೆ ಫೋನು ತಿರುಗಿಸಿದರು. ಅತ್ತ ಇಂಪಾದ ಹೆಣ್ಣು ದನಿ: “ದಯವಿಟ್ಟು ಲೈನಿನಲ್ಲೇ ಇರಿ.”

“ಅಮ್ಮಾ, ನಮ್ಮಪ್ಪ ಲೈನಲ್ಲೇ ಇದ್ರು, ನಮ್ಮ ತಾತಾನೂ ಲೈನಲ್ಲೇ ಇದ್ರು. ಕ್ವಾರ್ಟರ್ಸ್ ಬಿಟ್ಟು ನಾನೂ ಎಲ್ಲಿಗೂ ಹೋಗಲ್ಲ. ನೀನು ವಿಷಯಕ್ಕೆ ಬಾ.”

ವೀಣೆ ಶುರುವಾಯಿತು. ಲೈನಪ್ಪನವರು ಫೋನನ್ನು ಸ್ಪೀಕರಿಗೆ ಹಾಕಿ, ಬಿಸ್ಕತ್ತಿನ ಡಬ್ಬಕ್ಕೆ ಒರಗಿಸಿ, ಅಂಗಡಿಯವನ ಕಡೆ ತಿರುಗಿದರು: “ಇನ್ನೊಂದು ಟೀ ಹಾಕು. ಈ ಅಮ್ಮ ಬರೋ ಹೊತ್ತಿಗೆ ಸೆಕೆಂಡ್ ಶಿಫ್ಟೇ ಮುಗಿಯುತ್ತೆ.”