ಪರ್ವತ ಸ್ನೋಮೊಬೈಲ್ ಪ್ರಥಮಾನುಭವ ಮೀಮಾಂಸೆ

ಜ್ಞಾನಕ್ಕೆ ದಾರಿ ಆರು ಎಂದು ಭಾಟ್ಟ ಮೀಮಾಂಸಕರು ಲೆಕ್ಕ ಹಾಕಿ ಸಾವಿರ ವರ್ಷದ ಮೇಲಾಯಿತು: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ, ಅರ್ಥಾಪತ್ತಿ, ಅನುಪಲಬ್ಧಿ. ಅವರ ಪಾಂಡಿತ್ಯದಲ್ಲಿ ಒಂದೇ ಒಂದು ಕೊರತೆ ಉಳಿದುಹೋಯಿತು. ಈ ಆರನ್ನೂ ಎದೆಮಟ್ಟದ ಹಿಮದಲ್ಲಿ, ಟರ್ಬೊ ಕೂರಿಸಿದ ಟೂ-ಸ್ಟ್ರೋಕ್ ಎಂಜಿನ್ನಿನ ಬೆನ್ನೇರಿ ಯಾರೂ ಪರೀಕ್ಷಿಸಲಿಲ್ಲ. ಆ ಕೊರತೆ ನೀಗಿಸಲೆಂದೇ ಈ ಗ್ರಂಥ ಹುಟ್ಟಿದೆ.

ಶಾಸ್ತ್ರಗ್ರಂಥವೆಂದ ಮೇಲೆ ಆರಂಭದಲ್ಲೇ ಅನುಬಂಧ ಚತುಷ್ಟಯ ಹೇಳಬೇಕು. ವಿಷಯ: ಹೊಸ ಪರ್ವತ ಸ್ನೋಮೊಬೈಲ್ ಕೊಂಡವನು ಮೊದಲ ಕೆಲವು ಸವಾರಿಗಳಲ್ಲೇ ಅದರ ಸಾಮರ್ಥ್ಯದ ಬಗ್ಗೆ ಹೊರಡಿಸುವ ತೀರ್ಪು. ಅಧಿಕಾರಿ: ಹಿಂದಿನ ವಸಂತದಲ್ಲಿ ಮುಂಗಡ ಕಟ್ಟಿದವನು. ಸಂಬಂಧ: ತಿಂಗಳ ಕಂತು. ಪ್ರಯೋಜನ: ಈ ನಾಲ್ಕನೆಯದರ ಬಗ್ಗೆ ಅಧಿಕಾರಿಗೂ ಅವನ ಹೆಂಡತಿಗೂ ಇರುವ ಭಿನ್ನಾಭಿಪ್ರಾಯ ಇನ್ನೂ ಇತ್ಯರ್ಥವಾಗಿಲ್ಲ.

ವಸ್ತುಲಕ್ಷಣ

ಮುಂದೆ ಎರಡು ಸ್ಕೀ, ಹಿಂದೆ ಒಂದು ಉದ್ದನೆಯ ರಬ್ಬರ್ ಟ್ರ್ಯಾಕ್, ನಡುವೆ ಅದನ್ನು ಓಡಿಸುವ ಮನುಷ್ಯ. ಇದು ಸ್ನೋಮೊಬೈಲಿನ ಸಾಮಾನ್ಯ ಲಕ್ಷಣ. ಪರ್ವತ ಜಾತಿಯದಕ್ಕೆ ವಿಶೇಷ ಲಕ್ಷಣವೂ ಉಂಟು. ಅದರ ಟ್ರ್ಯಾಕಿನ ಸುತ್ತಳತೆ 154 ಇಂಚು, 165 ಇಂಚು, ಆಸೆಬುರುಕರಿಗೆ 175 ಇಂಚು. 165 ಇಂಚೆಂದರೆ ನಾಲ್ಕು ಮೀಟರಿಗೂ ಹೆಚ್ಚು. ಅದರ ಮೈಮೇಲೆ ಎರಡೂವರೆಯಿಂದ ಮೂರು ಇಂಚು ಎತ್ತರದ ರಬ್ಬರ್ ಹಲ್ಲುಗಳು. ಟ್ರ್ಯಾಕ್ ಉದ್ದವಾದಷ್ಟೂ ಭಾರ ಹಂಚಿಹೋಗಿ ಬಂಡಿ ಮೆತ್ತನೆಯ ಹಿಮದ ಮೇಲೆ ತೇಲುತ್ತದೆ. ಹಲ್ಲು ಎತ್ತರವಾದಷ್ಟೂ ಹಿಮವನ್ನು ಹೆಚ್ಚು ಅಗೆದು ಹಿಂದಕ್ಕೆ ತಳ್ಳುತ್ತದೆ. ತೇಲುವುದು, ಅಗೆಯುವುದು ಎರಡನ್ನೂ ಒಂದೇ ರಬ್ಬರ್ ಪಟ್ಟಿಯಿಂದ ಬೇಡುವುದರಲ್ಲೇ ಈ ಶಾಸ್ತ್ರದ ಸಕಲ ವಾದಗಳ ಬೀಜವಿದೆ.

ಈ ವಾಹನದ ಪೂರ್ವಜರಿಗೆ ಇಂಥ ಕ್ಲೇಶ ಇರಲಿಲ್ಲ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ವ್ಯಾಲ್ಕೋರ್ಟ್ ಊರಿನ ಜೋಸೆಫ್ ಆರ್ಮಾಂಡ್ ಬೊಂಬಾರ್ಡಿಯೆ 1937ರಲ್ಲಿ ಮಾರಲು ತೊಡಗಿದ ಬಿ7 ಎಂಬ ಹಿಮಬಸ್ಸಿನಲ್ಲಿ ಏಳು ಜನ ಕೂರಬಹುದಿತ್ತು. ಚಳಿಗಾಲದಲ್ಲಿ ರಸ್ತೆ ಮುಚ್ಚಿಹೋಗುತ್ತಿದ್ದ ಊರುಗಳಿಗೆ ಡಾಕ್ಟರು ಬೇಕಿತ್ತು, ಟಪಾಲು ಬೇಕಿತ್ತು. ಆಗಿನ ಬಳಕೆದಾರನಿಗೆ ಬೇಕಿದ್ದ ಪ್ರಥಮಾನುಭವ ಒಂದೇ ಪದದ್ದು: ತಲುಪಿದೆವು. 1959ರಲ್ಲಿ ಅದೇ ಬೊಂಬಾರ್ಡಿಯೆ ಸ್ಕೀ-ಡೂ ಎಂಬ ಚಿಕ್ಕ ಬಂಡಿ ತಂದ. ಅತ್ತ ಅಮೆರಿಕದ ಮಿನೆಸೋಟಾದಲ್ಲಿ ಪೊಲಾರಿಸ್ ಕಂಪನಿ ಕಟ್ಟಿದವರಲ್ಲಿ ಒಬ್ಬನಾದ ಎಡ್ಗರ್ ಹೆಟೀನ್, 1960ರಲ್ಲಿ ಅಲಾಸ್ಕಾದ ಬೆಥೆಲ್‌ನಿಂದ ಫೇರ್‌ಬ್ಯಾಂಕ್ಸ್ ಕಡೆಗೆ ಸುಮಾರು 1,200 ಮೈಲಿ ಹಿಮದಲ್ಲೇ ಸಾಗಿ ಯಂತ್ರ ನಂಬಲರ್ಹವೆಂದು ತೋರಿಸಿದ.

ಇಂದಿನ ಪರ್ವತ ಸವಾರನಿಗೆ ತಲುಪಬೇಕಾದ ಊರಿಲ್ಲ. ಟ್ರೇಲರ್ ನಿಲ್ಲಿಸಿದ ಜಾಗದಿಂದ ಹೊರಟು, ಗುಡ್ಡ ಹತ್ತಿ, ಇಳಿದು, ಅದೇ ಟ್ರೇಲರಿಗೆ ಮರಳುತ್ತಾನೆ. ತಲುಪುವ ಗೊಡವೆ ತಪ್ಪಿದ ಮೇಲೆಯೇ ಅನುಭವವೆಂಬ ಪದಾರ್ಥ ಪ್ರತ್ಯೇಕವಾಗಿ ಹುಟ್ಟಿದ್ದು ಎಂಬುದನ್ನು ಜಿಜ್ಞಾಸುಗಳು ಗಮನಿಸಬೇಕು.

ಶಬ್ದಪ್ರಮಾಣ

ಉಳಿದ ಶಾಸ್ತ್ರಗಳಲ್ಲಿ ಪ್ರತ್ಯಕ್ಷ ಮೊದಲು ಬರುತ್ತದೆ. ಇಲ್ಲಿ ಶಬ್ದವೇ ಮೊದಲು. ಕಾರಣ, ಹೊಸ ಮಾದರಿಗಳನ್ನು ಕಂಪನಿಗಳು ಚಳಿಗಾಲ ಮುಗಿಯುತ್ತಿರುವಾಗ ಪ್ರಕಟಿಸುತ್ತವೆ. ವಸಂತದ ಕೆಲವು ವಾರಗಳಲ್ಲಿ ಮುಂಗಡ ಬುಕಿಂಗ್ ನಡೆಯುತ್ತದೆ. ಕೆಲವು ಬಣ್ಣ, ಕೆಲವು ಎಂಜಿನ್, ಕೆಲವು ಸಲಕರಣೆ ಆ ಅವಧಿಯಲ್ಲಿ ಬಿಟ್ಟರೆ ಸಿಗುವುದೇ ಇಲ್ಲ. ಬಂಡಿ ಕೈಗೆ ಬರುವುದು ಶರತ್ಕಾಲದ ಹೊತ್ತಿಗೆ. ನಡುವಿನ ಬೇಸಿಗೆಯಿಡೀ ಅಧಿಕಾರಿಯ ಬಳಿ ಇರುವುದು ಆಪ್ತವಾಕ್ಯ ಮಾತ್ರ, ಅಂದರೆ ಬ್ರೋಷರ್. ಹಿಮ ಕಾಣದ ಬಂಡಿಯ ಬಗ್ಗೆ ಜುಲೈ ತಿಂಗಳಲ್ಲಿ ಗ್ಯಾರೇಜಿನಲ್ಲಿ ನಿಂತು ಮಾಡುವ ಧ್ಯಾನ ಎಷ್ಟು ಗಾಢವಾಗಿರುತ್ತದೆಂದರೆ, ಡಿಸೆಂಬರಿನಲ್ಲಿ ಬರುವ ನಿಜವಾದ ಅನುಭವಕ್ಕೆ ಹೊಸದಾಗಿ ಹೇಳಲು ಏನೂ ಉಳಿದಿರುವುದಿಲ್ಲ.

ಹಿಮಕ್ಕಾಗಿ ಕಾಯಲಾರದವರ ಪಂಥವೂ ಒಂದಿದೆ. ಮಿನೆಸೋಟಾದ ನಾರ್ತ್ ಬ್ರಾಂಚ್‌ನಲ್ಲಿ ಪ್ರತಿ ಸೆಪ್ಟೆಂಬರಿನಲ್ಲಿ ನಡೆಯುವ ಹೇ ಡೇಸ್ ಜಾತ್ರೆಯಲ್ಲಿ ಸ್ನೋಮೊಬೈಲುಗಳು ಹುಲ್ಲಿನ ಮೇಲೆ ಓಟದ ಪಂದ್ಯ ಆಡುತ್ತವೆ. ಶಾಸ್ತ್ರದ ದೃಷ್ಟಿಯಲ್ಲಿ ಇದು ನಿರಾಕಾರೋಪಾಸನೆ.

ಪ್ರತ್ಯಕ್ಷಪ್ರಮಾಣ

ಹಿಮ ಬಿತ್ತು, ಬಂಡಿ ಹೊರಟಿತು, ಈಗಲಾದರೂ ಕಣ್ಣಾರೆ ಕಂಡದ್ದನ್ನು ನಂಬಬಹುದೆ? ಮೂರು ಅಡ್ಡಿಗಳಿವೆ.

ಮೊದಲನೆಯದು, ಬಂಡಿ ಅತ್ಯುತ್ತಮವಾಗಿ ಓಡುವ ಕ್ಷಣದಲ್ಲಿ ಸವಾರನಿಗೆ ಏನೂ ಕಾಣುವುದಿಲ್ಲ. ಆಳವಾದ ಪುಡಿಹಿಮದಲ್ಲಿ ಮೂತಿಯ ಮೇಲಿಂದ ಉಕ್ಕುವ ಹಿಮ ಮುಖಕ್ಕೆ ರಾಚುತ್ತದೆ. ಸವಾರರು ಇದನ್ನು ವೈಟ್ ರೂಮ್ ಎನ್ನುತ್ತಾರೆ, ಇದಕ್ಕಾಗಿಯೇ ದುಡ್ಡು ಸುರಿಯುತ್ತಾರೆ. ಪ್ರತ್ಯಕ್ಷದ ಪರಾಕಾಷ್ಠೆಯಲ್ಲಿ ಪ್ರತ್ಯಕ್ಷವೇ ಇಲ್ಲ ಎಂಬ ಸ್ಥಿತಿ ಪ್ರಾಚೀನರಿಗೆ ಹೊಳೆದಿರಲಿಲ್ಲ.

ಎರಡನೆಯದು ಸ್ಪೀಡೋಮೀಟರ್. ಅದು ಅಳೆಯುವುದು ಟ್ರ್ಯಾಕ್ ಸುತ್ತುವ ವೇಗವನ್ನು, ಬಂಡಿ ಮುಂದೆ ಹೋಗುವ ವೇಗವನ್ನಲ್ಲ. ಕಡಿದಾದ ಏರಿನಲ್ಲಿ ಮುಳ್ಳು 80 ತೋರಿಸುತ್ತಿರುವಾಗ ಬಂಡಿ ನಿಂತಲ್ಲೇ ಕಂದಕ ತೋಡುತ್ತಿರುವುದು ಸಾಮಾನ್ಯ. ಕರ್ಮ ಪೂರ್ತಿ, ಫಲ ಶೂನ್ಯ. ಈ ಸಂಖ್ಯೆಯನ್ನೇ ಸವಾರರು ಟ್ರ್ಯಾಕ್ ಸ್ಪೀಡ್ ಎಂದು ಭಕ್ತಿಯಿಂದ ವರದಿ ಮಾಡುತ್ತಾರೆ.

ಮೂರನೆಯ ಅಡ್ಡಿ ಎಲ್ಲಕ್ಕಿಂತ ಗಂಭೀರ. ಹೊಸ ಎಂಜಿನ್ನಿಗೆ ಬ್ರೇಕ್-ಇನ್ ಎಂಬ ಬ್ರಹ್ಮಚರ್ಯವಿದೆ. ಮೊದಲ ಹತ್ತು ಗಂಟೆಯ ಆಸುಪಾಸು ಥ್ರಾಟಲ್ ಪೂರ್ತಿ ಒತ್ತಿ ಹಿಡಿಯಬಾರದು, ಒಂದೇ ವೇಗದಲ್ಲಿ ಬಹಳ ಹೊತ್ತು ಓಡಿಸಬಾರದು. ಹೊಸ ಡ್ರೈವ್ ಬೆಲ್ಟಿಗೂ ಇಂಥದೇ ನಿಯಮ. ಅಂದರೆ ಪ್ರಥಮಾನುಭವದ ಕಾಲ, ಪೂರ್ಣ ಸಾಮರ್ಥ್ಯ ಬಳಸಬಾರದ ಕಾಲ, ಎರಡೂ ಒಂದೇ. ಸಾಮರ್ಥ್ಯದ ಕುರಿತ ಮೊದಲ ವರದಿಯೊಂದು ಬಂದರೆ ಎರಡರಲ್ಲಿ ಒಂದು ನಿಜ: ಒಂದೋ ಸವಾರ ಸಾಮರ್ಥ್ಯ ಕಂಡಿಲ್ಲ, ಇಲ್ಲವೋ ಕೈಪಿಡಿ ಓದಿಲ್ಲ.

ಅನುಮಾನ, ಉಪಮಾನ

ಪರ್ವತದಲ್ಲಿ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆ ಎಂದು ತಿಳಿಯಬೇಕು. ತರ್ಕಶಾಸ್ತ್ರದ ಮೊದಲ ಪಾಠವೇ ಇದು. ರಾಕಿ ಪರ್ವತಗಳಲ್ಲಿ ಈ ಪಾಠವನ್ನು ತುಸು ತಿದ್ದಿ, ಹೊಗೆ ಕಂಡರೆ ಅಲ್ಲಿ ಟೂ-ಸ್ಟ್ರೋಕ್ ಇದೆ ಎಂದು ಬಹುಕಾಲ ಓದಿಕೊಳ್ಳಲಾಗುತ್ತಿತ್ತು. ಇಂಧನವನ್ನು ನೇರವಾಗಿ ಸಿಲಿಂಡರಿಗೇ ಚಿಮ್ಮಿಸುವ ರೋಟಾಕ್ಸ್ ಇ-ಟೆಕ್‌ನಂಥ ಎಂಜಿನ್ನುಗಳು ಬಂದು ಹೊಗೆ ತೀರ ತಗ್ಗಿತು. ಹೇತುವೇ ಮಾಯವಾದದ್ದರಿಂದ ನ್ಯಾಯಶಾಸ್ತ್ರಕ್ಕೆ ಆದ ನಷ್ಟವನ್ನು ಯಾವ ಕಂಪನಿಯೂ ತುಂಬಿಕೊಟ್ಟಿಲ್ಲ.

ಉಪಮಾನದಲ್ಲಿ ಸವಾರ ಹೊಸ ಬಂಡಿಯನ್ನು ಹೋಲಿಸುವುದು ತನ್ನ ಹಳೆಯ ಬಂಡಿಯೊಂದಿಗೆ. ಹಳೆಯದು ಸಾವಿರಾರು ಮೈಲಿ ಸವೆದದ್ದು, ಸ್ಪ್ರಿಂಗು ಸಡಿಲಾದದ್ದು, ಬೆಲ್ಟು ನುಣುಪಾದದ್ದು. ಹೊಸದು ಹೆಚ್ಚು ಚುರುಕೆನಿಸದಿದ್ದರೆ ಆಶ್ಚರ್ಯಪಡಬೇಕಿತ್ತು.

ಹೋಲಿಕೆಗೆ ಮತಭೇದವೂ ಸೇರಿಕೊಂಡಿದೆ. ಹಿಂಭಾಗದ ಸಸ್ಪೆನ್ಷನ್ನಿನಲ್ಲಿ ಟ್ರ್ಯಾಕನ್ನು ಹೊರುವ ಹಳಿಗಳು ಎರಡು ಎಂಬುದು ಸಂಪ್ರದಾಯ, ಇದು ದ್ವೈತ. 2019ರ ಮಾದರಿಯಲ್ಲಿ ಆರ್ಕ್ಟಿಕ್ ಕ್ಯಾಟ್ ಕಂಪನಿ ಆಲ್ಫಾ ಒನ್ ಎಂಬ ಬಂಡಿ ತಂದು, ನಡುವೆ ಒಂದೇ ಹಳಿ ಸಾಕು ಎಂದಿತು, ಇದು ಅದ್ವೈತ. ಅದಕ್ಕೂ ಮೊದಲು, 2013ರ ಮಾದರಿಯ ಸ್ಕೀ-ಡೂ ಸಮಿಟ್‌ನಲ್ಲಿ ಬಂದ ಟಿ-ಮೋಷನ್ ವ್ಯವಸ್ಥೆ, ಹಳಿ ಎರಡೇ ಇರಲಿ, ಆದರೆ ಬಂಡಿ ವಾಲಿದಾಗ ತುಸು ಬಾಗಲಿ ಎಂದಿತ್ತು. ಇದನ್ನು ವಿಶಿಷ್ಟಾದ್ವೈತವೆಂದು ಕರೆಯಲು ಅಡ್ಡಿಯಿಲ್ಲ. ಮೂರೂ ಮತಗಳ ಗುರಿ ಒಂದೇ: ಇಳಿಜಾರಿಗೆ ಅಡ್ಡಲಾಗಿ, ಬಂಡಿಯನ್ನು ಒಂದು ಅಂಚಿನ ಮೇಲೆ ವಾಲಿಸಿ ಸಾಗುವ ಸೈಡ್‌ಹಿಲ್ ಸುಲಭವಾಗಬೇಕು. ಒಂದು ಮತದವನು ಇನ್ನೊಂದು ಮತದ ಬಂಡಿ ಓಡಿಸಿ ಮನಸೋತನೆಂದರೆ ಅದು ಸುದ್ದಿಯಾಗುತ್ತದೆ, ಮತಾಂತರವಾಗುವುದು ಅಪರೂಪ.

ಅರ್ಥಾಪತ್ತಿ, ಅನುಪಲಬ್ಧಿ

ಹಗಲು ಉಣ್ಣದ ದೇವದತ್ತ ದಪ್ಪಗಿದ್ದಾನೆ. ಆದ್ದರಿಂದ ರಾತ್ರಿ ಉಣ್ಣುತ್ತಾನೆ. ಇದು ಅರ್ಥಾಪತ್ತಿಯ ಹಳೆಯ ಉದಾಹರಣೆ. ದೇವದತ್ತ ಈಗ ಸ್ನೋಮೊಬೈಲ್ ಕೊಂಡಿದ್ದಾನೆಂದು ಭಾವಿಸೋಣ. ಬಂಡಿ ಸೀಟಿನವರೆಗೆ ಹೂತಿದೆ. ಬಂಡಿ ಅತ್ಯುತ್ತಮವೆಂಬುದು ಮುಂಗಡ ಕಟ್ಟಿದಂದೇ ಸಿದ್ಧವಾಗಿದೆ. ಎರಡೂ ಸತ್ಯವಾಗಬೇಕಾದರೆ ಹಿಮದಲ್ಲೇ ದೋಷವಿರಬೇಕು. ದೇವದತ್ತ ಹಾಗೆಯೇ ಬರೆಯುತ್ತಾನೆ.

ತಮಾಷೆಯೆಂದರೆ ಅವನು ಅರ್ಧ ಸರಿ. ಈಗಷ್ಟೇ ಬಿದ್ದ ಒಣ ಹಿಮ ಘನಮೀಟರಿಗೆ 50ರಿಂದ 100 ಕಿಲೋ ತೂಗುತ್ತದೆ. ಗಾಳಿ ಒತ್ತಿ ಗಟ್ಟಿಯಾದದ್ದು 300 ಕಿಲೋ ದಾಟಬಹುದು. ರೆವೆಲ್‌ಸ್ಟೋಕ್ ಬಳಿಯ ಮೌಂಟ್ ಕೋಪ್‌ಲ್ಯಾಂಡ್‌ನಲ್ಲಿ 1971–72ರ ಚಳಿಗಾಲದಲ್ಲಿ 24 ಮೀಟರಿಗೂ ಹೆಚ್ಚು ಹಿಮ ಬಿದ್ದು ಕೆನಡಾದ ದಾಖಲೆಯಾಯಿತು. ಅದೇ ಸೀಮೆಯಲ್ಲಿ ಬೆಳಿಗ್ಗೆ ತೇಲಿದ ಬಂಡಿ, ಬಿಸಿಲೇರಿ ಹಿಮ ಒದ್ದೆಯಾದ ಮಧ್ಯಾಹ್ನ ಮುಳುಗಬಹುದು. ಪರೀಕ್ಷಾ ಕೊಠಡಿಯೇ ಗಂಟೆಗೊಮ್ಮೆ ಬದಲಾಗುವ ವಿದ್ಯೆ ಇದು.

ಇನ್ನು ಅನುಪಲಬ್ಧಿ, ಅಂದರೆ ಇಲ್ಲದಿರುವುದರ ಜ್ಞಾನ. ಋತುವಿನ ಆರಂಭದಲ್ಲಿ ಇಲ್ಲದಿರುವುದು ಹಿಮವೇ. ಈ ಬಂಡಿಗಳ ಎಂಜಿನ್ ತಂಪಾಗುವುದು ಟ್ರ್ಯಾಕ್ ಎರಚಿದ ಹಿಮ ಒಳಗಿನ ಕೂಲರಿಗೆ ತಾಗಿ. ಗಟ್ಟಿಯಾದ ಹಾದಿಯಲ್ಲಿ ಎರಚಲು ಪುಡಿಯೇ ಇಲ್ಲದಾಗ ಬಿಸಿಯ ಎಚ್ಚರಿಕೆ ದೀಪ ಹೊತ್ತಿಕೊಳ್ಳುತ್ತದೆ; ಅದಕ್ಕೆಂದೇ ನೆಲ ಕೆರೆದು ಹಿಮಪುಡಿ ಎಬ್ಬಿಸುವ ಸ್ಕ್ರಾಚರ್ ಕಡ್ಡಿಗಳನ್ನು ಜೋಡಿಸುತ್ತಾರೆ. ನವೆಂಬರಿನ ಎಷ್ಟೋ ತೀರ್ಪುಗಳು ಬಂಡಿಯ ಬಗ್ಗೆ ಅಲ್ಲ, ನವೆಂಬರಿನ ಬಗ್ಗೆ.

ಎತ್ತರಾಧಿಕರಣ

ಈವರೆಗಿನ ಮಾತು ಕೇಳಿ ಪ್ರಥಮಾನುಭವವೆಲ್ಲ ಮಿಥ್ಯೆ ಎಂದು ಪೂರ್ವಪಕ್ಷಿಗಳು ಕುಣಿಯಬಾರದು. ಒಂದು ಕಡೆ ಸವಾರನ ಬೆನ್ನು ನಿಜವನ್ನೇ ಹೇಳುತ್ತದೆ.

ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. ಸಾಮಾನ್ಯ ಎಂಜಿನ್ ಪ್ರತಿ ಸಾವಿರ ಅಡಿಗೆ ಸುಮಾರು ನೂರಕ್ಕೆ ಮೂರರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಸಮುದ್ರಮಟ್ಟದಲ್ಲಿ 165 ಅಶ್ವಶಕ್ತಿ ಕೊಡುವ 850 ಸಿಸಿ ಎಂಜಿನ್, 8,000 ಅಡಿಯಲ್ಲಿ ಕೊಡುವುದು 125ರ ಆಸುಪಾಸು. ನಲವತ್ತು ಕುದುರೆ ಬೆಟ್ಟದ ಬುಡದಲ್ಲೇ ಉಳಿದವು. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್, ಅಂದರೆ 6,300 ಅಡಿ ಚಿಲ್ಲರೆ; ಮೊಂಟಾನಾದ ಕುಕ್ ಸಿಟಿಯಲ್ಲಿ ಸವಾರ ಬಂಡಿಯನ್ನು ಟ್ರೇಲರಿನಿಂದ ಇಳಿಸುವ ಜಾಗವೇ ಅದಕ್ಕಿಂತ ಎತ್ತರದಲ್ಲಿದೆ.

2020ರ ಮಾದರಿಗೆ ಸ್ಕೀ-ಡೂ ತನ್ನ 850 ಇ-ಟೆಕ್‌ಗೆ ಕಾರ್ಖಾನೆಯಲ್ಲೇ ಟರ್ಬೊ, ಅಂದರೆ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಸಾಧನ, ಕೂರಿಸಿ ಸಮಿಟ್ ಬಂಡಿಯಲ್ಲಿ ಕೊಟ್ಟಿತು. ಕಾರ್ಖಾನೆಯಿಂದಲೇ ಟರ್ಬೊ ಸಹಿತ ಬಂದ ಮೊದಲ ಟೂ-ಸ್ಟ್ರೋಕ್ ಸ್ನೋಮೊಬೈಲ್ ಅದು. ಕೆಳಗೆ 165 ಇದ್ದದ್ದು 8,000 ಅಡಿಯಲ್ಲೂ 165 ಉಳಿಯುತ್ತದೆ ಎಂಬುದು ಅದರ ಪ್ರತಿಜ್ಞೆ. ಬೆನ್ನಿಗೇ ಪೊಲಾರಿಸ್ 2022ರ ಮಾದರಿಗೆ ಪೇಟ್ರಿಯಟ್ ಬೂಸ್ಟ್ ಎಂಬ ಟರ್ಬೊ ಎಂಜಿನ್ ತಂದಿತು. 2023ರ ಮಾದರಿಗೆ ಸ್ಕೀ-ಡೂ 180 ಅಶ್ವಶಕ್ತಿಯ ಟರ್ಬೊ ಆರ್ ಇಳಿಸಿತು. ಹಿಂದೆ ಎತ್ತರ ಬದಲಾದಾಗಲೆಲ್ಲ ಕ್ಲಚ್ಚಿನೊಳಗಿನ ತೂಕಗಳನ್ನು ಗ್ರಾಂ ಲೆಕ್ಕದಲ್ಲಿ ಕಳೆದು, ಎಂಜಿನ್ 8,000 ಆರ್‌ಪಿಎಂ ಆಸುಪಾಸಿನ ತನ್ನ ಗರಿಷ್ಠ ಶಕ್ತಿಗೆ ಏರುವಂತೆ ಹದಗೊಳಿಸುವುದು ಸವಾರರ ನಿತ್ಯಕರ್ಮವಾಗಿತ್ತು. ಟರ್ಬೊ ಆ ಕರ್ಮದ ದೊಡ್ಡ ಪಾಲನ್ನು ತಪ್ಪಿಸಿತು. ಗ್ರಾಂ ತೂಕದ ತಕ್ಕಡಿ ಹಿಡಿದು ಕೂತ ಕರ್ಮಠರು ಇದನ್ನು ಇನ್ನೂ ಪೂರ್ತಿ ಕ್ಷಮಿಸಿಲ್ಲ. ಆದರೆ ಎತ್ತರದಲ್ಲಿ ನಲವತ್ತು ಕುದುರೆ ಮರಳಿ ಸಿಕ್ಕರೆ ಯಾವ ಸವಾರನಿಗೂ ಪ್ರಮಾಣಶಾಸ್ತ್ರ ಬೇಕಾಗುವುದಿಲ್ಲ. ಥ್ರಾಟಲ್ ಒತ್ತಿದ ಹೆಬ್ಬೆರಳಿಗೇ ಗೊತ್ತಾಗುತ್ತದೆ.

ತೂಕಾಧಿಕರಣ

ಕಂಪನಿಗಳು ಹೇಳುವುದು ಒಣತೂಕ: ಪೆಟ್ರೋಲ್, ಆಯಿಲ್, ಕೂಲೆಂಟ್ ಹಾಕುವ ಮೊದಲಿನದು. 36 ಲೀಟರ್ ಟ್ಯಾಂಕ್ ತುಂಬಿದರೆ ಪೆಟ್ರೋಲೇ 27 ಕಿಲೋ. ಮೆಟ್ಟಿಲುಹಲಗೆಯ ಮೇಲೆ, ಸಸ್ಪೆನ್ಷನ್ನಿನ ಸಂದಿಯಲ್ಲಿ ಮೆತ್ತಿಕೊಂಡು ಹೆಪ್ಪುಗಟ್ಟುವ ಹಿಮದ ತೂಕ ಬೇರೆ. ಇಷ್ಟಾದ ಮೇಲೆ ಸವಾರ ಬಂಡಿಯ ಸೈಲೆನ್ಸರ್ ಕಿತ್ತು, ದುಬಾರಿ ಹಗುರ ಸೈಲೆನ್ಸರ್ ಹಾಕಿ ಕೆಲವು ಕಿಲೋ ಉಳಿಸುತ್ತಾನೆ, ಬಂಡಿ ಈಗ ಬೇರೆಯೇ ಆಯಿತೆಂದು ವರದಿ ಕೊಡುತ್ತಾನೆ. ಸವಾರನ ಸ್ವಂತ ತೂಕ ಈ ಸಾಹಿತ್ಯದಲ್ಲಿ ಎಲ್ಲಿಯೂ ದಾಖಲಾಗಿಲ್ಲ. ಹೊಟ್ಟೆಗೆ ಟೈಟೇನಿಯಂ ಆವೃತ್ತಿ ಇನ್ನೂ ಮಾರುಕಟ್ಟೆಗೆ ಬಂದಿಲ್ಲ.

ಬೆನ್ನಚೀಲದ ಭಾರ ಮಾತ್ರ ಕಡಿಮೆ ಮಾಡುವಂತಿಲ್ಲ. ಹಿಮಕುಸಿತದಲ್ಲಿ ಹೂತವರನ್ನು ಪತ್ತೆಹಚ್ಚುವ ಟ್ರಾನ್ಸೀವರ್ ಮೈಮೇಲೆ, ಪ್ರೋಬ್ ಕೋಲು ಮತ್ತು ಸಲಿಕೆ ಚೀಲದಲ್ಲಿ ಇರಲೇಬೇಕು. ಇಳಿಜಾರಿನಲ್ಲಿ ಯಾರು ಹೆಚ್ಚು ಎತ್ತರಕ್ಕೆ ಗೆರೆ ಎಳೆಯುತ್ತಾರೆ ಎಂಬ ಹೈಮಾರ್ಕಿಂಗ್ ಪೈಪೋಟಿ, ಸ್ನೋಮೊಬೈಲ್ ಸವಾರರು ಹಿಮಕುಸಿತದಲ್ಲಿ ಸಾಯುವುದಕ್ಕೆ ಒಂದು ಮುಖ್ಯ ಕಾರಣ. ಶಕ್ತಿ ಹೆಚ್ಚಿದ ಬಂಡಿ ಹಿಂದೆ ಯಾರೂ ಏರಲಾಗದಿದ್ದ ಇಳಿಜಾರಿಗೂ ಸವಾರನನ್ನು ಕೊಂಡೊಯ್ಯುತ್ತದೆ. ಅಣಕಕ್ಕೂ ಇಲ್ಲಿ ಪ್ರವೇಶವಿಲ್ಲ.

ಸಿದ್ಧಾಂತ

ಪ್ರಥಮಾನುಭವದಲ್ಲಿ ಮೂರು ಭಾಗ ಹಿಮ, ಎರಡು ಭಾಗ ಮುಂಗಡ ಹಣ, ಉಳಿದ ಒಂದು ಭಾಗ ಬಂಡಿ. ಆ ಒಂದು ಭಾಗವನ್ನು ಬೇರ್ಪಡಿಸಿಕೊಳ್ಳುವುದು ಅಸಾಧ್ಯವೇನಲ್ಲ. ಹೊಸ ಬಂಡಿಯ ಗುಣಗಾನ ಕೇಳುವವರು ನಾಲ್ಕೇ ಪ್ರಶ್ನೆ ಹಾಕಲಿ: ಎಷ್ಟು ಅಡಿ ಎತ್ತರದಲ್ಲಿ ಓಡಿಸಿದೆ? ಹಿಮ ಒಣಗಿತ್ತೋ ಒದ್ದೆಯೋ? ಎಂಜಿನ್ ಎಷ್ಟು ಗಂಟೆ ಓಡಿತ್ತು? ಹಿಂದಿನ ಬಂಡಿ ಎಷ್ಟು ಹಳೆಯದು? ನಾಲ್ಕಕ್ಕೂ ಉತ್ತರ ಕೊಟ್ಟವನ ಮಾತನ್ನು ನಂಬಬಹುದು. ಉತ್ತರಿಸುವ ಬದಲು ಬಂಡಿಯ ಬಣ್ಣ ತೋರಿಸಿದವನಿಗೆ ಅಭಿನಂದನೆ ಹೇಳಿ ಮುಂದೆ ಹೋಗಬೇಕು.